ಆಸ್ಪತ್ರೆಯಲ್ಲಿ ಬೀಳದಂತೆ

ರೋಗವನ್ನು ಕಳೆದುಕೊಳ್ಳಲೆಂದು ಆಸ್ಪತ್ರೆಯನ್ನು ಸೇರಿದವರು ಅಲ್ಲಿಯೇ ಬಿದ್ದು ಮತ್ತೊಂದು ವ್ಯಥೆಯನ್ನು ತಂದುಕೊಳ್ಳುವುದು ವಿರಳವೇನಲ್ಲ. ಇದನ್ನು ಹಣೆಬರಹವೆಂದು ಹೇಳಿ ಸುಮ್ಮನಾಗುವುದು ನಮ್ಮ ಜನರ ರೂಢಿ. ಆದರೆ ಬೀಳುವಿಕೆಗೆ ಕಾರಣಗಳುಂಟು. ಕಾರಣವನ್ನರಿತರೆ ಬಹುಮಟ್ಟಿಗೆ ನಿವಾರಣೆಯೂ ಉಂಟು.

ಶುಶ್ರೂಷಾಶಾಸ್ತ್ರದ ವಿದುಷಿ ಜಾನಿಸ್ ಮೋರ್ಸ್ ಮತ್ತು ಅವರ ಸಂಗಡಿಗರು ಕೆನಡಾದಲ್ಲಿ ರೂಪಿಸಿ 1989ರಲ್ಲಿ ಪ್ರಕಟಿಸಿದ ಅಳತೆಗೋಲೊಂದು ಇಂದಿಗೂ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿರುವುದು ಆರೇ ಪ್ರಶ್ನೆಗಳು. ರೋಗಿಯು ಈ ಮೊದಲು ಬಿದ್ದಿದ್ದನೇ? ಒಂದಕ್ಕಿಂತ ಹೆಚ್ಚು ರೋಗಗಳಿವೆಯೇ? ನಡೆಯಲು ಯಾವುದರ ಆಸರೆ? ರಕ್ತನಾಳಕ್ಕೆ ನಳಿಕೆ ಹಾಕಿದೆಯೇ? ನಡಿಗೆ ಹೇಗಿದೆ? ತನ್ನ ಶಕ್ತಿಯ ಮಿತಿ ಅವನಿಗೆ ತಿಳಿದಿದೆಯೇ? ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಊರುಗೋಲು ಹಿಡಿದವನಿಗೆ 15 ಅಂಕ. ಮಂಚ, ಕುರ್ಚಿಗಳನ್ನು ಹಿಡಿದುಕೊಂಡು ನಡೆಯುವವನಿಗೆ 30. ಕೋಲು ಹಿಡಿಯಲು ನಾಚುವ ಹಿರಿಯರು ಇದನ್ನು ಗಮನಿಸಬೇಕು.

ಇನ್ನೂ ಕೆಲವು ಕಾರಣಗಳುಂಟು. ನಿದ್ರೆಯ ಮಾತ್ರೆ ಎಚ್ಚರವನ್ನು ಮಸುಕುಗೊಳಿಸುತ್ತದೆ. ಬಹುದಿನ ಮಲಗಿದವರ ಸ್ನಾಯುಗಳು ಸೊರಗುತ್ತವೆ. ಒಮ್ಮೆಲೇ ಎದ್ದುನಿಂತರೆ ರಕ್ತದೊತ್ತಡವಿಳಿದು ಕಣ್ಣು ಕತ್ತಲೆಗೂಡುತ್ತದೆ. ಮೂತ್ರ ಹೆಚ್ಚಿಸುವ ಔಷಧಿಯು ಅವಸರದಿಂದ ಏಳಿಸುತ್ತದೆ. ಮೂಳೆ ಸವೆದವರಿಗೆ ಸಣ್ಣ ಬೀಳುವಿಕೆಯೂ ಮುರಿತವಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರಿಗೆ ತಲೆಯ ಪೆಟ್ಟು ಪ್ರಾಣಾಂತಿಕವಾಗಬಹುದು.

ನಮ್ಮ ವಿದ್ಯಾಗುರುಗಳೊಬ್ಬರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿದ್ದರು. ಸೇವೆಗೆ ನಿಂತ ಶಿಷ್ಯನು ದಣಿದು ಮಂಚದ ಕೆಳಗೆ ನಿದ್ರಿಸುತ್ತಿದ್ದನು. ನಡುರಾತ್ರಿ ಅವನನ್ನು ಎಬ್ಬಿಸಬಾರದೆಂದು ಗುರುಗಳು ತಾವೇ ಶೌಚಕ್ಕೆ ಎದ್ದರು, ಬಿದ್ದರು, ತೊಡೆಯ ಮೂಳೆ ಮುರಿಯಿತು. ಮತ್ತೆ ಅವರು ನಡೆಯಲಿಲ್ಲ. ನಾವು ದರ್ಶನಕ್ಕೆ ಹೋದಾಗ, “ಹುಡುಗ ಬಹಳ ದಣಿದಿದ್ದನಪ್ಪಾ” ಎಂದಷ್ಟೇ ಹೇಳಿದರು. ಎಬ್ಬಿಸಿದ್ದರೆ ಆ ಶಿಷ್ಯನ ನಿದ್ರೆ ಒಂದು ಗಳಿಗೆ ಕೆಡುತ್ತಿತ್ತು. ಎಬ್ಬಿಸದುದರಿಂದ ವರುಷಗಳ ನಿದ್ರೆ ಕೆಟ್ಟಿತು. ಅವನು ಇಂದಿಗೂ ಕೊರಗುತ್ತಾನೆ.

ಬೀಳುವಿಕೆಯ ಕಾರಣಗಳಲ್ಲಿ ಈ ಸಂಕೋಚವೂ ಒಂದೆಂದು ನಾವು ಎಣಿಸುತ್ತೇವೆ. ಜೀವಮಾನವೆಲ್ಲ ಪರರಿಗೆ ನೀಡಿದ ಕೈಗಳು ಬೇಡಲು ಹಿಂಜರಿಯುವುದು ಸಹಜ. ಆದರೆ ಸೇವೆಯನ್ನು ಸ್ವೀಕರಿಸುವುದೂ ಸೇವೆ ಮಾಡುವವನಿಗೆ ತೋರುವ ಕರುಣೆಯೇ ಅಲ್ಲವೇ?

ಆದುದರಿಂದ ರೋಗಿಯ ಬಳಿಯಲ್ಲಿರುವವರು ಕರೆಗಂಟೆಯನ್ನೂ ಕನ್ನಡಕವನ್ನೂ ಕೈಗೆಟುಕುವಂತೆ ಇಡಲಿ. ಮಂಚದ ಚಕ್ರಗಳು ಭದ್ರವಾಗಿರಲಿ, ನೆಲ ಒಣಗಿರಲಿ, ರಾತ್ರಿ ಮಂದದೀಪ ಉರಿಯಲಿ. ಮಲಗುವ ಮುನ್ನ ರೋಗಿಯನ್ನು ತಾವೇ ಶೌಚಕ್ಕೆ ಕರೆದೊಯ್ಯಲಿ. ರೋಗಿಯಾದವರು ಏಳುವ ಮೊದಲು ತುಸುಹೊತ್ತು ಮಂಚದಂಚಿನಲ್ಲಿ ಕುಳಿತಿರಲಿ. ಎಷ್ಟೇ ಹೊತ್ತಾಗಿರಲಿ, ಬಳಿಯಿರುವವರನ್ನು ಕೂಗಿ ಎಬ್ಬಿಸಲಿ.