ಕಾಕಾನ ಅಂಗಾಲು

ಸಿಂಧನೂರಿನಿಂದ ಮಸ್ಕಿ ಕಡೆ ಹೊರಟಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು, ಎಲ್ಲರೂ ಬರಿಗಾಲಲ್ಲಿ. ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ, ಗೊತ್ತು. ಆದರೂ ಕಾಕಾನ ಕಾಲು ನೆನಪಾಗಿ ಎದೆ ಧಸಕ್ಕೆಂದಿತು.

ಕಾಕಾಗೆ 11 ವರ್ಷದಿಂದ ಶುಗರ್. ಅಂಗಾಲಿಗೆ ಮುಳ್ಳು ಹೊಕ್ಕಿದ್ದು ಅವರಿಗೆ ತಿಳಿಯಲೇ ಇಲ್ಲ. ಮೂರನೇ ದಿನ ಚಿಗವ್ವ ಕೀವು ನೋಡಿದಳು. ರಕ್ತದ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಕಾಲಿನ ನರಗಳು ಸೋಲುತ್ತವೆ, ನೋವು ಗೊತ್ತಾಗುವುದಿಲ್ಲ. ರಕ್ತ ಸಂಚಾರವೂ ಕಡಿಮೆಯಾದರೆ ಗಾಯ ಮಾಯುವುದಿಲ್ಲ. ನೋವು ಇದ್ದಿದ್ದರೆ ಅವತ್ತೇ ದವಾಖಾನೆಗೆ ಹೋಗಿರುತ್ತಿದ್ದರು.

"ಅನ್ನ ಬಿಟ್ಟೀನಲ್ಲ, ರೊಟ್ಟಿ ಎಷ್ಟ್ ತಿಂದ್ರ ಏನಾಗ್ತದ?" ಅನ್ನುತ್ತಿದ್ದರು. ನಮ್ಮ ಕಡೆ ಮನೆಮನೆಯ ಮಾತು ಇದು. ಜೋಳದಲ್ಲೂ ಇರುವುದು ಪಿಷ್ಟವೇ. ಐದು ರೊಟ್ಟಿ ತಿಂದರೆ ಅದೂ ಸಕ್ಕರೆಯಾಗುತ್ತದೆ. ರೊಟ್ಟಿ ಎರಡಕ್ಕೆ ಇಳಿದು, ಪುಂಡಿಪಲ್ಯ, ಹೆಸರುಕಾಳು ಏರಿ, ಗುಳಿಗೆ ತಪ್ಪದೆ ನುಂಗಿದ ಮೇಲೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇಳಿಯಿತು.

ಲಿಂಗಸುಗೂರಿನ ಅತ್ತೆಗೆ ಇನ್ಸುಲಿನ್. ಬೇಸಿಗೆಯಲ್ಲಿ ಕರೆಂಟ್ ಹೋದರೆ ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರು ತಾಗದಂತೆ ಮಣ್ಣಿನ ಗಡಿಗೆಯ ತಂಪಿನಲ್ಲಿ ಇಡುತ್ತಾರೆ. ಎಷ್ಟು ಒಳ್ಳೆಯ ಉಪಾಯ!

30 ದಾಟಿದವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಶುಗರ್ ತಪಾಸಣೆ ಪುಕ್ಕಟೆ. ಸಂತೆಗೆ ಹೋದ ದಿನವೇ ಮಾಡಿಸಿಕೊಂಡು ಬನ್ನಿ.

ಈಗ ರಾತ್ರಿ ಊಟವಾದ ಮೇಲೆ ಚಿಗವ್ವ ಬ್ಯಾಟರಿ ಹಿಡಿದು ಕಾಕಾನ ಬೆರಳಸಂದು ಒಂದೊಂದೂ ನೋಡುತ್ತಾಳೆ.