ಬಿರುಕು ಬಿಟ್ಟ ರಾಜ

ಮಕ್ಕಳೇ, ನಿಮ್ಮ ಶಾಲೆಯ ಸ್ಲೊಯ್ಡ್ ಕ್ಲಾಸಿನಲ್ಲಿ ನೀವು ಮೊದಲು ಮಾಡಿದ್ದು ಏನು? ಬೆಣ್ಣೆ ಸವರುವ ಚಾಕು ಇರಬೇಕು, ಅಲ್ವಾ? ಬುದ್ಧಿ ಇರೋರು ಅಲ್ಲಿಂದಲೇ ಶುರು ಮಾಡ್ತಾರೆ. ನಾನು ಶುರು ಮಾಡಿದ್ದು ದಸರಾ ಗೊಂಬೆ ಹಬ್ಬಕ್ಕೆ ಒಂದಡಿ ಎತ್ತರದ ರಾಜ-ರಾಣಿಯಿಂದ!

ನಮ್ಮೂರು ಮದ್ದೂರು. ಬೆಂಗಳೂರಿನಿಂದ ಊರಿಗೆ ಹೋಗುವಾಗ ದಾರಿಯಲ್ಲಿ ಚನ್ನಪಟ್ಟಣ ಸಿಗುತ್ತೆ. ಅಲ್ಲಿ ಲೇತ್ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ನೋಡಿದರೆ ಎರಡು ನಿಮಿಷದ ಕೆಲಸ. ಆ ಆಲೆ ಮರವನ್ನು ಮೊದಲೇ ತಿಂಗಳುಗಟ್ಟಲೆ ಒಣಗಿಸಿರ್ತಾರೆ ಅನ್ನೋದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಸುಂಡ್‌ಬೀಬರ್ಯ್‌ಗೆ ನಾವು ಬಂದಾಗ ಅಮ್ಮನ ಪಟ್ಟದ ಗೊಂಬೆಗಳು ಅಣ್ಣನ ಮನೆಯಲ್ಲೇ ಉಳಿದವು. ಮಗಳಿಗೆ ಆಗ ಆರು ವರ್ಷ. 'ನಾನೇ ಮಾಡಿಕೊಡ್ತೀನಿ ಪುಟ್ಟಿ' ಅಂದುಬಿಟ್ಟೆ, ಹಬ್ಬಕ್ಕೆ ಮೂರೇ ವಾರ ಇರುವಾಗ. ಹತ್ತಿರದಲ್ಲಿ ಕಡಿದಿದ್ದ ಬಿರ್ಚ್ ಮರದ ತುಂಡು ಕೇಳಿ ತಂದೆ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಲೇತ್ ಇತ್ತು. ಹಸಿ ಮರಕ್ಕೆ ಉಳಿ ಇಟ್ಟರೆ ಹೀರೇಕಾಯಿ ಸಿಪ್ಪೆ ಥರ ಉದ್ದುದ್ದ ಸುಲಿದು ಬರುತ್ತೆ, ಮುಖಕ್ಕೆ ನೀರು ಸಿಡಿಯುತ್ತೆ. ಇಷ್ಟು ಸುಲಭಾನಾ ಅಂತ ಬೀಗಿದೆ.

ಮರ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗಲ್ಲ. ತಿರುಳಿನಿಂದ ತೊಗಟೆ ಕಡೆಗೆ ಕುಗ್ಗೋದಕ್ಕಿಂತ ವರ್ಷದ ಉಂಗುರಗಳ ಗುಂಟ ಹೆಚ್ಚುಕಮ್ಮಿ ಎರಡು ಪಟ್ಟು ಕುಗ್ಗುತ್ತೆ. ನಡುವಿನ ತಿರುಳು ಹಾಗೇ ಇದ್ದರೆ ಆ ಜಗ್ಗಾಟಕ್ಕೆ ಮರ ಸೀಳುತ್ತೆ. ಅದಕ್ಕೇ ತಿರುಳು ತೆಗೆದು, ದಪ್ಪಗೆ ಕಡೆದು, ತುದಿಗಳಿಗೆ ಮೇಣ ಹಚ್ಚಿ, ತಿಂಗಳುಗಟ್ಟಲೆ ಇಟ್ಟು, ಮತ್ತೆ ಕಡೀಬೇಕು. (ಇಂಜಿನಿಯರಿಂಗ್ ಓದಿದೋನು ನಾನು. ಇದನ್ನು ಓದಿದ್ದು ಮಾತ್ರ ಆಮೇಲೆ.)

ಹಬ್ಬದ ಮೊದಲ ದಿನ ನೋಡಿದರೆ ಕಿರೀಟದಿಂದ ಪಾದದವರೆಗೆ ರಾಜ ಬಿರುಕು ಬಿಟ್ಟಿದ್ದ. ರಾಣಿಗೆ ಸೊಂಟದ ಹತ್ತಿರ ಸಣ್ಣ ಗೆರೆ ಅಷ್ಟೆ. ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡ್ತಾರಲ್ಲ ಅಂತ ಬಿರುಕನ್ನು ಗೋಡೆ ಕಡೆ ತಿರುಗಿಸಿಟ್ಟೆ. ಮಗಳು ಬಿಡಬೇಕಲ್ಲ! 'ಅಜ್ಜಿ, ರಾಜನಿಗೆ ಗಾಯ ಆಗಿದೆ' ಅಂತ ತಿರುಗಿಸಿ ತೋರಿಸಿದಳು. ಅಮ್ಮ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಈ ಸಲ ಬಂದಾಗ ನನ್ನ ಗೊಂಬೆ ತಗೊಂಡು ಹೋಗಪ್ಪ' ಅಂದರು. ನಾನು ಬೇಡ ಅಂದೆ. ಅಣ್ಣನ ಮನೆಯಲ್ಲೂ ಮಕ್ಕಳಿದ್ದಾರೆ.

ಮರುವರ್ಷ ಒಣಗಿದ ಮರದಲ್ಲಿ ಇನ್ನೊಬ್ಬ ರಾಜನನ್ನು ಮಾಡಿದೆ. ಚೆನ್ನಾಗೇ ಬಂದ. ಆದರೆ ಮಗಳು ಮೇಲಿನ ಮೆಟ್ಟಿಲಲ್ಲಿ ಕೂರಿಸೋದು ಹಳೇ ರಾಜನನ್ನೇ. ಚಳಿಗಾಲದಲ್ಲಿ ಹೀಟರ್ ಬಿಸಿಗೆ ಅವನ ಬಿರುಕು ಅಗಲ ಆಗಿ ಒಂದು ಕ್ರೋನ ನಾಣ್ಯ ಒಳಗೆ ತೂರುತ್ತೆ. ಬೇಸಿಗೆಯಲ್ಲಿ ತೂರಲ್ಲ. ಅವಳು ಪ್ರತಿ ವರ್ಷ ಹಾಕಿ ನೋಡ್ತಾಳೆ.