ದಾರಿ ಹೇಳುವ ದನಿ

ನಮ್ಮ ಹಾವೇರಿ ಸೀಮೆಯಲ್ಲಿ ದಾರಿ ಕೇಳಿದರೆ ದಾರಿಯಷ್ಟೇ ಸಿಗುವುದಿಲ್ಲ. "ಯಾರ ಮನೀಗೆ ಹೊಂಟೀರಿ? ಚಾ ಕುಡಿದು ಹೋಗ್ರಲ್ಲ" ಎಂಬ ಉಪಚಾರವೂ ಸಿಗುತ್ತದೆ. ಆದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡುತ್ತಿರುವಾಗ ಯಾರನ್ನು ಕೇಳೋಣ? ಮೋಟೆಬೆನ್ನೂರಿನಲ್ಲಿ ಬ್ಯಾಡಗಿಗೆ ಹೊರಳುವುದು ತಪ್ಪಿತೋ, ರಾಣೆಬೆನ್ನೂರಿನ ದಿಕ್ಕಿಗೇ ಸಾಗಬೇಕು. ಅದಕ್ಕೇ ಫೋನಿನೊಳಗಿನ ಮಾರ್ಗದರ್ಶಿಯನ್ನು ನೆಚ್ಚಿಕೊಂಡಿದ್ದೇನೆ.

ಒಂದು ದಿನ ಅದು ಮೌನವ್ರತ ಹಿಡಿಯಿತು. ಕರೆ ಬಂದರೆ ಕಾರಿನ ಸ್ಪೀಕರಿನಲ್ಲಿ ಮಾತು ಕೇಳುತ್ತದೆ. ದಾರಿ ಮಾತ್ರ ಹೇಳದು. ಮುಂದೆ ಮೆಣಸಿನಕಾಯಿ ಚೀಲಗಳ ಲಾರಿ ತೂಗಾಡುತ್ತಿತ್ತು. ಹಿಂದೆ ಕೂತಿದ್ದ ಅವ್ವ, "ಫೋನ್ ನೋಡಬ್ಯಾಡಪ್ಪಾ, ರಸ್ತಾ ನೋಡು" ಎಂದಳು. ಪೆಟ್ರೋಲ್ ಬಂಕಿನ ಬದಿಗೆ ನಿಲ್ಲಿಸಿದೆ.

ಗುಟ್ಟು ಇಷ್ಟೇ: ಬ್ಲೂಟೂತಿನಲ್ಲಿ ಕರೆಗೊಂದು ಹಾದಿ, ಹಾಡಿಗೊಂದು ಹಾದಿ. ದಾರಿ ಹೇಳುವ ದನಿ ಸಾಮಾನ್ಯವಾಗಿ ಬರುವುದು ಹಾಡಿನ ಹಾದಿಯಲ್ಲಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ, ಕಾರಿನ ಹೆಸರಿನಡಿ ‘ಮೀಡಿಯಾ ಆಡಿಯೊ’ ಚಾಲೂ ಇರಬೇಕು. ಗೂಗಲ್ ಮ್ಯಾಪ್ಸ್‌ನ ಸೆಟ್ಟಿಂಗಿನಲ್ಲಿ ದನಿಯನ್ನು ಬ್ಲೂಟೂತಿನಲ್ಲಿ ಕೇಳಿಸಲು ಒಪ್ಪಿಗೆ ಇರಬೇಕು. ಕಾರಿನ ಸ್ಟೀರಿಯೊ ರೇಡಿಯೊ ಬಿಟ್ಟು ಬ್ಲೂಟೂತಿಗೆ ತಿರುಗಿರಬೇಕು. ನನ್ನಲ್ಲಿ ಮೊದಲನೆಯದೇ ಆಫ್ ಆಗಿತ್ತು.

ಒಡೆದ ನಾಡನ್ನು ಕೂಡಿಸಿದನೆಂದು ಹೆಸರಾದ, 10ನೆಯ ಶತಮಾನದ ಡೆನ್ಮಾರ್ಕಿನ ಅರಸ ಹೆರಾಲ್ಡ್ ಬ್ಲೂಟೂತನ ಹೆಸರನ್ನೇ ಈ ತಂತ್ರಕ್ಕೆ ಇಟ್ಟಿದ್ದಾರೆ. ಕೂಡಿಸುವ ಕೆಲಸ ಆಗಲೂ ಸುಲಭವಿರಲಿಕ್ಕಿಲ್ಲ!

ಬಂಕಿನಿಂದ ಹೊರಟೊಡನೆ ದನಿ ಕೇಳಿಸಿತು. ಅವ್ವ ಅದಕ್ಕೂ "ಹೂಂ" ಎಂದು, "ಆಕೀ ಹೇಳ್ತಾಳ, ನಿನ್ನ ಕಣ್ಣು ರಸ್ತಾದ ಮ್ಯಾಲಿರಲಿ" ಎಂದಳು. ಯಂತ್ರದಿಂದ ನಾನು ಬಯಸಿದ್ದೂ ಅಷ್ಟನ್ನೇ.